ಎಂ.ಎಸ್ಸಿ. ಕ್ಲಾಸಿನಲ್ಲೇ ರೆಫರಿಗಳು

ದಾವಣಗೆರೆಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಮಕ್ಕಳಿಗೆ ಪಾಠ ಮಾಡುತ್ತೇನೆ. ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಬರೆಯಲು ಕೂತರೆ ಮಾತ್ರ ಸೀನಿಯರ್‌ಗಳ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ಅದೇ ಸಾಲುಗಳನ್ನು ಇಳಿಸುತ್ತಾರೆ. ಇದು ಸೋಮಾರಿತನ ಅಲ್ಲ. ಮಾರ್ಕ್ಸ್ ಹಾಕುವವರನ್ನು ಬಿಟ್ಟು ಯಾರೂ ಇದನ್ನು ಓದಲ್ಲ ಅಂತ ಅವರಿಗೆ ಗೊತ್ತು. ಅದಕ್ಕೇ ಓದುವವರನ್ನು ಕ್ಲಾಸಿನಲ್ಲೇ ಹುಡುಕಿದೆ.

ತಮ್ಮ ಪ್ರಯೋಗದ ಮೇಲೆ ಎಲ್ಲರೂ ಒಂದು ಚಿಕ್ಕ ಪೇಪರ್ ಬರೆಯಬೇಕು. ಮೊದಲು ಗ್ರಾಫ್, ಆಮೇಲೆ ವಿಧಾನ ಮತ್ತು ಫಲಿತಾಂಶ, ಪೀಠಿಕೆ ಕೊನೆಗೆ. ಹೆಸರು ತೆಗೆದು ಅದನ್ನು ಕ್ಲಾಸಿನ ಇನ್ನೊಬ್ಬರಿಗೆ ಕೊಡುತ್ತೇನೆ. ಅವರೇ ರೆಫರಿ, ಅಂದರೆ ಸಂಶೋಧನಾ ಪತ್ರಿಕೆಗಳಲ್ಲಿ ಇರುವಂತೆ ಪೇಪರ್ ಓದಿ ಸರಿ-ತಪ್ಪು ಹೇಳುವವರು. ಪೇಪರ್ ಏನು ಹೇಳುತ್ತಿದೆ ಅಂತ ರೆಫರಿ ಮೊದಲು ಎರಡು ಸಾಲಲ್ಲಿ ಬರೆಯಬೇಕು. ಆ ಸಾಲು ಬೇರೇನೋ ಹೇಳಿದರೆ, ಎಲ್ಲಿ ಮಸುಕಾಗಿದೆ ಅಂತ ಬರೆದವರಿಗೆ ತಾನಾಗೇ ಗೊತ್ತಾಗುತ್ತದೆ. ಆಮೇಲೆ ದೊಡ್ಡ ಪ್ರಶ್ನೆಗಳು. ಸ್ಪೆಲಿಂಗ್ ತಪ್ಪುಗಳು ಕೊನೆಗೆ.

ಒಬ್ಬ ಹುಡುಗಿ ಜಿಂಕ್ ಆಕ್ಸೈಡ್ ಪುಡಿಯ ಎಕ್ಸ್‌ಆರ್‌ಡಿ (ಎಕ್ಸ್ ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ತೆಗೆಸಿ, ಅದರ ಗ್ರಾಫಿನ ಪೀಕ್ ಅಗಲ ಕಡಿಮೆಯಿದ್ದಷ್ಟೂ ಹರಳು ದೊಡ್ಡದು ಅಂತ ಲೆಕ್ಕ ಹಾಕುವ ಶೆರರ್ ಸೂತ್ರ ಹಾಕಿ, ಹರಳಿನ ಗಾತ್ರ 23.457 ನ್ಯಾನೋಮೀಟರ್ ಅಂತ ಬರೆದಿದ್ದಳು. ರೆಫರಿಯ ಪ್ರಶ್ನೆ ಹೀಗಿತ್ತು: "ಪೀಕ್ ಅಗಲವಾಗುವುದರಲ್ಲಿ ಯಂತ್ರದ ಪಾಲೂ ಇರುತ್ತದೆ. ಅದನ್ನು ಕಳೆದಿದ್ದೀರಾ? ಮೂರು ದಶಾಂಶ ಎಲ್ಲಿಂದ ಬಂತು?" ಅವಳು ಸ್ಟ್ಯಾಂಡರ್ಡ್ ಸಿಲಿಕಾನ್ ಪುಡಿಯ ಪೀಕ್ ಅಗಲವನ್ನೂ ಅಳೆದು, ಅದರಿಂದ ಯಂತ್ರದ ಪಾಲು ಎಷ್ಟು ಅಂತ ತಿಳಿದು ಕಳೆದಳು. ಪೀಕಿನ ಅಗಲ ಕಡಿಮೆಯಾಯಿತು, ಗಾತ್ರ ಜಾಸ್ತಿಯಾಯಿತು. ಹೊಸ ಪೇಪರಿನಲ್ಲಿ "ಸುಮಾರು 26 ನ್ಯಾನೋಮೀಟರ್" ಅಂತಿತ್ತು. ಸೂತ್ರದ ಸ್ಥಿರಾಂಕ 0.9 ತೆಗೆದುಕೊಂಡಿದ್ದನ್ನೂ ಬರೆದಿದ್ದಳು. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಟೀಕೆ ಬಂದಾಗ ಮುಖ ಸಣ್ಣದು ಮಾಡುವವರಿಗೆ ಐನ್‌ಸ್ಟೈನ್ ಕಥೆ ಹೇಳುತ್ತೇನೆ. 1936ರಲ್ಲಿ ಅವರು ತಮ್ಮ ಸಹಾಯಕ ರೋಸೆನ್ ಜೊತೆ ಗುರುತ್ವ ಅಲೆಗಳೇ ಇಲ್ಲ ಅಂತ ಬರೆದು ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳಿಸಿದ್ದರು. ಸಂಪಾದಕರು ಅದನ್ನು ರೆಫರಿಗೆ ಕೊಟ್ಟಿದ್ದಕ್ಕೆ ಸಿಟ್ಟಾಗಿ ಪೇಪರ್ ವಾಪಸ್ ಪಡೆದರು. ಆದರೆ ತಪ್ಪಿದೆ ಅಂದಿದ್ದ ರೆಫರಿಯ ಮಾತೇ ಸರಿಯಿತ್ತು. ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು.

ಇನ್ನೊಂದು ತೊಡಕು ಸ್ನೇಹ. ಹಾಸ್ಟೆಲ್‌ನಲ್ಲಿ ಒಂದೇ ರೂಮಿನವರು, "ಚೆನ್ನಾಗಿದೆ" ಅಂತ ಸುಮ್ನೆ ಬರೆದುಕೊಡುತ್ತಾರೆ. ಅದಕ್ಕೇ ಪೇಪರಿಗೆ ಇರುವಷ್ಟೇ ಮಾರ್ಕ್ಸನ್ನು ರೆಫರಿ ರಿಪೋರ್ಟಿಗೂ ಇಟ್ಟಿದ್ದೇನೆ. ಮೊದಲು ಕನ್ನಡದಲ್ಲೇ ಮಾತಾಡಿಸುತ್ತೇನೆ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಸುತ್ತೇನೆ. ಹಾಗೆ ಮಾಡಿದರೆ ಪ್ರಶ್ನೆಗಳು ಮೊನಚಾಗಿರುತ್ತವೆ. ಬರೆದವರು ಒಂದೊಂದು ಪ್ರಶ್ನೆಗೂ ಲಿಖಿತ ಉತ್ತರ ಕೊಡಬೇಕು. ರೆಫರಿಯ ಮಾತು ಒಪ್ಪದಿದ್ದರೂ ಸರಿ, ಯಾಕೆ ಅಂತ ಬರೆಯಲೇಬೇಕು.