ಹೊಟ್ಟೆಗೂ ಒಗ್ಗದು, ಕಿಡ್ನಿಗೂ ಒಗ್ಗದು: ಎಲುಬು ಸವಕಳಿಗೆ ಉಳಿದ ಔಷಧ ಹುಡುಕುವ ಬಗೆ

ಎಲುಬು ಸವಕಳಿಗೆ, ಅಂದರೆ ಆಸ್ಟಿಯೋಪೊರೋಸಿಸ್‌ಗೆ, ಡಾಕ್ಟರು ಮೊದಲು ಬರೆದುಕೊಡುವುದು ಸಾಮಾನ್ಯವಾಗಿ ಅಲೆಂಡ್ರೋನೇಟ್. 70 ಮಿ.ಗ್ರಾಂ ಗುಳಿಗೆ, ವಾರಕ್ಕೊಂದು. ಹಳೆಯ ಔಷಧ, ಅಗ್ಗದ್ದು, ಕೆಲಸ ಮಾಡುವಂಥದ್ದು. ಎಪ್ಪತ್ತು ದಾಟಿದವರಿಗೆ ಶುಗರ್, ಅಸಿಡಿಟಿ, ಕಿಡ್ನಿ, ಹೃದಯ ಎಲ್ಲವೂ ಕೂಡಿ ಬಂದಾಗ ತೊಡಕು ಶುರು. ಒಬ್ಬರು ಹೊಟ್ಟೆಯ ಕಾರಣಕ್ಕೆ ಗುಳಿಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಕಿಡ್ನಿಯ ಕಾರಣಕ್ಕೆ ಸಲೈನಿನಂತೆ ಹರಿಸುವ ಎಲುಬಿನ ಔಷಧ ಬೇಡ ಅನ್ನುತ್ತಾರೆ. ಕಡೆಗೆ ಕೈಯಲ್ಲಿ ಉಳಿಯುವುದು ಕ್ಯಾಲ್ಸಿಯಂ ಡಬ್ಬಿ. ಒಮ್ಮೆ ಎಲುಬು ಮುರಿದವರಿಗೆ ಕ್ಯಾಲ್ಸಿಯಂ ಒಂದೇ ಸಾಲದು. ನಿಜವಾಗಿ ಯಾವ ದಾರಿಯೂ ಇಲ್ಲದವರು ಕಡಿಮೆ. ಆದರೆ ಯಾವುದನ್ನು ಯಾವ ಕಾರಣಕ್ಕೆ ಬಿಡಬೇಕು ಎಂದು ಒಂದೊಂದಾಗಿ ನೋಡಬೇಕು. ಇಲ್ಲಿರುವುದು ಆ ಕ್ರಮ. ಔಷಧ ಬರೆಯುವ ಕೆಲಸ ಡಾಕ್ಟರದೇ. ಅವರ ಮುಂದೆ ಇಡಬೇಕಾದ ಮಾಹಿತಿ ನಿಮ್ಮ ಕೈಯಲ್ಲಿರಬೇಕು.

ಮೊದಲು ಅಳತೆ ಸರಿ ಇದೆಯೇ ನೋಡಿ

ಕಲ್ಯಾಣ ಮಂಟಪದ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರದಿಂದ ರೋಗ ಖಚಿತವಾಗುವುದಿಲ್ಲ. ಬೇಕಾದದ್ದು ಚಪ್ಪೆ (ಸೊಂಟದ ಕೀಲು) ಮತ್ತು ಬೆನ್ನಿನ ಎಲುಬಿನ ದಟ್ಟತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ನಿಂತಲ್ಲೇ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದಿದ್ದರೆ, ಅಥವಾ ಬೆನ್ನಿನ ಮಣಿ ತಾನಾಗಿ ಕುಸಿದಿದ್ದರೆ, ಸ್ಕೋರ್ ಎಷ್ಟೇ ಇರಲಿ ಚಿಕಿತ್ಸೆ ಬೇಕು. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ, ಸೀರೆಯನ್ನು ಮೊದಲಿಗಿಂತ ಮೇಲೆ ಎತ್ತಿ ಉಡಬೇಕಾಗುತ್ತಿದ್ದರೆ, ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸಿ. ಕುಸಿದ ಮಣಿಗಳಲ್ಲಿ ಬಹಳಷ್ಟು ನೋವನ್ನೇ ಕೊಟ್ಟಿರುವುದಿಲ್ಲ.

ಶುಗರ್ ಇದ್ದವರ ಎಲುಬು ಸ್ಕೋರ್ ಹೇಳುವುದಕ್ಕಿಂತ ಬೇಗ ಮುರಿಯುತ್ತದೆ. ವಯಸ್ಸಾದವರ ಬೆನ್ನಿನಲ್ಲಿ ಸಂಧಿವಾತದ ಮುಳ್ಳುಗಳು ಬೆಳೆದಿದ್ದರೆ ಬೆನ್ನಿನ ಸ್ಕೋರ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಆಗ ಚಪ್ಪೆಯ ಸ್ಕೋರ್ ನಂಬಿ, ಅಥವಾ ಮುಂಗೈಯನ್ನೂ ಅಳೆಯಿಸಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತಿದೆ. ಮುಂಡರಗಿ ತಾಲೂಕು ಸೇರಿ ಗದಗ ಜಿಲ್ಲೆಯ ಹಲವೆಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ವರ್ಷಗಟ್ಟಲೆ ಹೆಚ್ಚು ಕುಡಿದವರ ಎಲುಬು ಸ್ಕ್ಯಾನಿನಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸು. ಹಲ್ಲಿನ ಮೇಲೆ ಕಂದು ಪಟ್ಟೆ, ಬಾಗದ ಬೆನ್ನು, ಗಟ್ಟಿಯಾದ ಕುತ್ತಿಗೆ ಇದ್ದರೆ ಡಾಕ್ಟರಿಗೆ ತಿಳಿಸಿ; ಮುಂಗೈ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆಯಲ್ಲಿ ಸುಣ್ಣ ಕಂಡರೆ ಫ್ಲೋರೋಸಿಸ್ ಸಂಶಯ ಬಲವಾಗುತ್ತದೆ. ಫ್ಲೋರೈಡ್ ಹೊರಹೋಗುವುದು ಕಿಡ್ನಿಯಿಂದ, ಹಾಗಾಗಿ ಕಿಡ್ನಿ ಸೋತವರಿಗೆ ಅದೇ ನೀರು ಇನ್ನೂ ಹೆಚ್ಚು ಕೆಡುಕು. ನೀರು ಬದಲಾಯಿಸದೆ ಔಷಧ ಶುರು ಮಾಡಿದರೆ ಅರ್ಧ ಕೆಲಸ ಮಾಡಿದಂತೆ.

ಕಿಡ್ನಿಯ ಲೆಕ್ಕ ನೀವೇ ಹಾಕಿ

ಲ್ಯಾಬ್ ಚೀಟಿಯಲ್ಲಿ ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿಯಿಂದ ಹೊರಹೋಗುವ ಕಸ) ಪಕ್ಕದಲ್ಲಿ 'ನಾರ್ಮಲ್' ಅಂತ ಇದ್ದರೆ ಎಲ್ಲರೂ ನಿರಾಳ. ಇಲ್ಲೇ ಮೋಸ ಹೋಗುವುದು. ಸಣಕಲು ಮೈಯ ಮುದುಕಿಗೆ ಸ್ನಾಯು ಕಡಿಮೆ, ಆದ್ದರಿಂದ ಕಿಡ್ನಿ ಸೋತಿದ್ದರೂ ಕ್ರಿಯಾಟಿನಿನ್ ಹೆಚ್ಚು ಏರುವುದಿಲ್ಲ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂಬ ಲೆಕ್ಕ ಹೀಗೆ: 140ರಿಂದ ವಯಸ್ಸು ಕಳೆಯಿರಿ, ಬಂದದ್ದನ್ನು ಕೆ.ಜಿ. ತೂಕದಿಂದ ಗುಣಿಸಿ, ಹೆಂಗಸಾದರೆ 0.85ರಿಂದ ಮತ್ತೆ ಗುಣಿಸಿ. ಇದನ್ನು 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿ.

72 ವರ್ಷ, 48 ಕೆ.ಜಿ., ಕ್ರಿಯಾಟಿನಿನ್ 1.2 ಇರುವ ಹೆಂಗಸು ಎನ್ನಿ. 68 ಗುಣಿಲೆ 48 ಗುಣಿಲೆ 0.85, ಅಂದರೆ 2774. ಅದನ್ನು 86.4ರಿಂದ ಭಾಗಿಸಿದರೆ 32. ಅಲೆಂಡ್ರೋನೇಟ್ ಮತ್ತು ವರ್ಷಕ್ಕೊಮ್ಮೆ ಸಲೈನಿನಂತೆ ಹರಿಸುವ ಜೊಲೆಡ್ರೋನಿಕ್ ಆಸಿಡ್ ಕೊಡಲು ಕನಿಷ್ಠ 35 ಇರಬೇಕು. ಅದೇ ಜಾತಿಯ ರೈಸೆಡ್ರೋನೇಟ್, ಇಬಾಂಡ್ರೋನೇಟ್‌ಗೆ 30. ಚೀಟಿಯಲ್ಲಿ ಚೆನ್ನಾಗಿಯೇ ಕಂಡ ಕಿಡ್ನಿ ಎರಡು ಔಷಧಗಳನ್ನು ತಳ್ಳಿಹಾಕಿತು, ಉಳಿದೆರಡಕ್ಕೆ ಬಾಗಿಲು ತೆರೆದಿಟ್ಟಿತು. ಭೇದಿಯಿಂದ ಬಳಲಿದ ವಾರದ ಅಥವಾ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ನುಂಗಿದ ವಾರದ ರಿಪೋರ್ಟ್ ನಂಬಬೇಡಿ. ಚೇತರಿಸಿಕೊಂಡ ಮೇಲೆ ಮತ್ತೆ ಮಾಡಿಸಿ.

ಸಂಖ್ಯೆ 30ಕ್ಕಿಂತ ಕೆಳಗಿದ್ದರೆ ಕಿಡ್ನಿ ಡಾಕ್ಟರು ಕೂಡ ಬೇಕು. ಅಲ್ಲಿ ಎಲುಬಿನ ರೋಗ ಬರೀ ಸವಕಳಿ ಆಗಿರಲಿಕ್ಕಿಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನ್, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ ಎಂಬ ರಕ್ತಪರೀಕ್ಷೆಗಳನ್ನು ನೋಡದೆ ಯಾವ ಎಲುಬಿನ ಸೂಜಿಯನ್ನೂ ಹಾಕಿಸಿಕೊಳ್ಳಬೇಡಿ.

ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ: ಔಷಧಕ್ಕೆ ಮುಂಚೆ

ವಿಟಮಿನ್ ಡಿ ತೀರಾ ಕಡಿಮೆ ಇದ್ದು ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಅದು ಎಲುಬು ಮೆತ್ತಗಾಗುವ ಬೇರೆ ರೋಗವಿರಬಹುದು. ಅದನ್ನು ಸರಿಪಡಿಸುವ ಮೊದಲೇ ಜೊಲೆಡ್ರೋನಿಕ್ ಅಥವಾ ಆರು ತಿಂಗಳಿಗೊಮ್ಮೆಯ ಸೂಜಿ ಡೆನೊಸುಮಾಬ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ದಡಕ್ಕನೆ ಇಳಿಯುತ್ತದೆ. ವಿಟಮಿನ್ ಡಿಯ ವಾಡಿಕೆಯ ಪ್ರಮಾಣ 60,000 ಯೂನಿಟ್, ವಾರಕ್ಕೊಮ್ಮೆ, 8 ವಾರ. ಆಮೇಲೆ ಡಾಕ್ಟರು ಹೇಳಿದಂತೆ ತಿಂಗಳಿಗೊಂದು. ಎಂಟು ವಾರ ಮುಗಿದರೂ ವಾರದ ಗುಳಿಗೆ ಬಿಡದೆ ಎರಡು ವರ್ಷ ನುಂಗುವವರಿದ್ದಾರೆ; ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುವುದು ಹೀಗೆ.

ಊಟ ಮತ್ತು ಗುಳಿಗೆ ಕೂಡಿ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಕ್ಯಾಲ್ಸಿಯಂ ಸಾಕು. ದಿನಾ ಎರಡು ಹೊತ್ತು ಜೋಳದ ರೊಟ್ಟಿ ಉಂಡರೂ ಅದರಿಂದ ಸಿಗುವ ಕ್ಯಾಲ್ಸಿಯಂ ಅತ್ಯಲ್ಪ: 100 ಗ್ರಾಂ ಜೋಳದಲ್ಲಿ 30 ಮಿ.ಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ 350ರ ಆಸುಪಾಸು. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 240ರಷ್ಟು. ಎಳ್ಳಿನ ಚಟ್ನಿಪುಡಿ ಒಳ್ಳೆಯದೇ, ಆದರೆ ಎಳ್ಳಿನ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ಗುಳಿಗೆಯಾದರೆ ಒಂದು ಸಲಕ್ಕೆ 500 ಮಿ.ಗ್ರಾಂ ಮೀರಬೇಡಿ. ಕಾರ್ಬೊನೇಟ್ ಗುಳಿಗೆಯನ್ನು ಊಟದ ಜೊತೆಗೇ ತಗೊಳ್ಳಬೇಕು, ಅದಕ್ಕೆ ಹೊಟ್ಟೆಯ ಆಮ್ಲ ಬೇಕು. ಅಸಿಡಿಟಿಗೆ ದಿನಾ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಸಿಟ್ರೇಟ್ ರೂಪ ಲೇಸು. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂಗೂ ನಡುವೆ 4 ತಾಸು ಬಿಡಿ.

ಗುಳಿಗೆ ಹೊಟ್ಟೆಗೆ ಆಗಲಿಲ್ಲ ಅನ್ನುವ ಮೊದಲು

ಎಷ್ಟೋ ಸಲ ಒಗ್ಗದಿರುವುದು ಔಷಧವಲ್ಲ, ತಗೊಂಡ ರೀತಿ. ಮುಂಜಾನೆ ಎದ್ದ ಕೂಡಲೆ, ಖಾಲಿ ಹೊಟ್ಟೆಯಲ್ಲಿ, ತುಂಬಿದ ದೊಡ್ಡ ಲೋಟ ಬರೀ ನೀರಿನ ಜೊತೆ, 200 ಮಿ.ಲೀ.ಗೆ ಕಡಿಮೆ ಇಲ್ಲದಂತೆ. ಚಹಾ ಬೇಡ, ಹಾಲು ಬೇಡ. ಬೋರಿನ ಗಡಸು ನೀರೂ ಬೇಡ. ಅದರ ಕ್ಯಾಲ್ಸಿಯಂ ಗುಳಿಗೆಯನ್ನು ಹಿಡಿದಿಟ್ಟುಬಿಡುತ್ತದೆ. ಶುದ್ಧ ಘಟಕದ ನೀರೋ ಕುಡಿಯುವ ನಳದ ನೀರೋ ಆಗಲಿ. ಗುಳಿಗೆ ಅಗಿಯಬಾರದು, ಚೀಪಬಾರದು. ಅರ್ಧ ತಾಸು ಕುಳಿತೋ ನಿಂತೋ ಇರಬೇಕು, ಮಲಗಬಾರದು, ಏನೂ ತಿನ್ನಬಾರದು. ಇಬಾಂಡ್ರೋನೇಟ್ ಆದರೆ ಒಂದು ತಾಸು. ಗುಳಿಗೆ ಗಂಟಲಲ್ಲಿ ಸಿಕ್ಕಿ ಮೇಲೆ ಬಂದರೆ ಅನ್ನನಾಳ ಸುಡುತ್ತದೆ. 'ಎದೆ ಉರಿ' ಹುಟ್ಟುವುದು ಅಲ್ಲಿ.

ನಿಜವಾಗಿ ಬಿಡಲೇಬೇಕಾದವರು: ನುಂಗಲು ತೊಂದರೆ ಇರುವವರು, ಅನ್ನನಾಳ ಕಿರಿದಾದವರು, ಅರ್ಧ ತಾಸು ನೆಟ್ಟಗೆ ಕೂರಲಾರದವರು. ಬರೀ ಅಸಿಡಿಟಿ ಇರುವವರು ವಾರದ್ದನ್ನು ಬಿಟ್ಟು ತಿಂಗಳಿಗೊಮ್ಮೆಯ 150 ಮಿ.ಗ್ರಾಂ ರೈಸೆಡ್ರೋನೇಟ್ ಅಥವಾ ಇಬಾಂಡ್ರೋನೇಟ್ ಕೇಳಿ ನೋಡಬಹುದು. ಇಬಾಂಡ್ರೋನೇಟ್ ಚಪ್ಪೆಯನ್ನು ಕಾಯುತ್ತದೆ ಎಂಬುದಕ್ಕೆ ಆಧಾರ ಕಡಿಮೆ, ಇದು ನೆನಪಿರಲಿ.

ವರ್ಷಕ್ಕೊಂದು ಸಲೈನ್

ಹೊಟ್ಟೆ ಬೇಡ ಅಂದು, ಕಿಡ್ನಿ 35ರ ಮೇಲಿದ್ದರೆ, ಜೊಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ. ಔಷಧದಂಗಡಿಯಲ್ಲಿ 4 ಮಿ.ಗ್ರಾಂ ಕೂಡ ಸಿಗುತ್ತದೆ. ಅದು ಕ್ಯಾನ್ಸರ್ ರೋಗಿಗಳ ಪ್ರಮಾಣ, ಅದಲುಬದಲಾಗದಂತೆ ನೋಡಿ. ದ್ರವ 100 ಮಿ.ಲೀ. ಮಾತ್ರ. ಹಾಗಾಗಿ ಹೃದಯ ದುರ್ಬಲ ಎಂದು ನೀರು ಅಳೆದು ಕುಡಿಯುವವರೂ ಸಲೈನ್ ಎಂಬ ಮಾತಿಗೇ ಹೆದರಬೇಕಿಲ್ಲ. 15 ನಿಮಿಷಕ್ಕಿಂತ ಬೇಗ ಹರಿಸಬಾರದು; ಕಿಡ್ನಿ ಅಂಚಿನಲ್ಲಿದ್ದರೆ ಅರ್ಧ ತಾಸು ಬಿಡಲು ಕೇಳಿ. ಡಾಕ್ಟರು ಬೇಡ ಅನ್ನದಿದ್ದರೆ ಮುಂಚೆ ಎರಡು ಲೋಟ ನೀರು ಕುಡಿದು ಹೋಗಿ, ಆ ವಾರ ನೋವಿನ ಗುಳಿಗೆ ಬೇಡ.

ಮೊದಲ ಸಲ ಹಾಕಿಸಿಕೊಂಡ ಮೂವರಲ್ಲಿ ಸುಮಾರು ಒಬ್ಬರಿಗೆ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರುತ್ತದೆ. ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ, ಎರಡನೆಯ ವರ್ಷ ಬಹುತೇಕ ಬರುವುದೇ ಇಲ್ಲ. ಇದನ್ನು ಅಲರ್ಜಿ ಎಂದು ಬರೆಸಿಕೊಂಡು ಒಳ್ಳೆಯ ಔಷಧವನ್ನು ಕಾಯಂ ಬಿಡುವುದು ದೊಡ್ಡ ತಪ್ಪು. ಚಪ್ಪೆ ಮುರಿದು ಆಪರೇಷನ್ ಆದವರು ಎರಡು ವಾರ ಕಾದು ಹಾಕಿಸಿಕೊಳ್ಳಬೇಕು.

ಆರು ತಿಂಗಳ ಸೂಜಿ, ಮತ್ತು ಅದರ ಒಪ್ಪಂದ

ಡೆನೊಸುಮಾಬ್ 60 ಮಿ.ಗ್ರಾಂ, ಚರ್ಮದ ಕೆಳಗೆ, ಆರು ತಿಂಗಳಿಗೊಮ್ಮೆ. ಕಿಡ್ನಿಯಿಂದ ಹೊರಹೋಗುವ ಔಷಧವಲ್ಲ, ಹೊಟ್ಟೆಯ ತಂಟೆಯೂ ಇಲ್ಲ. ಅದಕ್ಕೇ ಎಲ್ಲ ಬಾಗಿಲು ಮುಚ್ಚಿದಾಗ ಇದರ ಹೆಸರು ಬರುತ್ತದೆ. ಆದರೆ ಎರಡು ಗಂಡಾಂತರಗಳಿವೆ.

ಒಂದು, ಕ್ಯಾಲ್ಸಿಯಂ ಕುಸಿತ. ಕಿಡ್ನಿ ಬಹಳ ಸೋತವರಲ್ಲಿ, ಅದರಲ್ಲೂ ಡಯಾಲಿಸಿಸ್ ಮೇಲಿರುವವರಲ್ಲಿ, ಇದು ಪ್ರಾಣಕ್ಕೇ ಕುತ್ತು ತರುವಷ್ಟು ಆಗುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತ್ಯಂತ ಕಟ್ಟೆಚ್ಚರಿಕೆ ಹಾಕಿತು. ಅಂಥವರು ಸೂಜಿ ಹಾಕಿಸಿಕೊಂಡ ಮೊದಲ ತಿಂಗಳು ವಾರವಾರ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ತುಟಿಯ ಸುತ್ತ ಜುಮುಜುಮು, ಬೆರಳು ಸೆಟೆದುಕೊಳ್ಳುವುದು ಕಂಡರೆ ಅಂದೇ ದವಾಖಾನೆಗೆ ಹೋಗಿ. ಥೈರಾಯ್ಡ್ ಆಪರೇಷನ್ ಆಗಿ ಕ್ಯಾಲ್ಸಿಯಂ ಮೇಲೇ ಬದುಕುವವರೂ ಇದೇ ಸಾಲಿಗೆ.

ಇನ್ನೊಂದು, ಬಿಟ್ಟರೆ ತಿರುಗಿಬೀಳುವುದು. ಸೂಜಿಯ ಬಲ ಇಳಿದೊಡನೆ ಎಲುಬು ಮೊದಲಿಗಿಂತ ರಭಸದಿಂದ ಸವೆಯುತ್ತದೆ, ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಕುಸಿಯಬಹುದು. ಏಳು ತಿಂಗಳು ದಾಟಿಸಲೇಬಾರದು. ಸುಗ್ಗಿ ಬಂತು, ಮಗ ಬೆಂಗಳೂರಿನಲ್ಲಿದ್ದಾನೆ, ಜಾತ್ರೆ ಮುಗಿಯಲಿ ಎಂದು ಮುಂದೂಡುವ ಮನೆಯಲ್ಲಿ ಇದನ್ನು ಶುರು ಮಾಡದಿರುವುದೇ ಒಳ್ಳೆಯದು. ನಿಲ್ಲಿಸುವುದಾದರೆ ಕೊನೆಯ ಸೂಜಿಯಿಂದ ಆರು ತಿಂಗಳಿಗೆ ಸರಿಯಾಗಿ ಅಲೆಂಡ್ರೋನೇಟ್ ಅಥವಾ ಜೊಲೆಡ್ರೋನಿಕ್ ಹಿಡಿಯಬೇಕು. ಕಿಡ್ನಿ ಸೋತವರಿಗೆ ಆ ಎರಡೂ ಕಷ್ಟ. ಹಾಗಾಗಿ 'ಮುಂದೆ ಇದರಿಂದ ಹೊರಬರುವುದು ಹೇಗೆ?' ಎಂದು ಮೊದಲ ಸೂಜಿಗೆ ಮುಂಚೆಯೇ ಕೇಳಿ.

ಸೂಜಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹುಬ್ಬಳ್ಳಿಯಲ್ಲಿ ಕೊಂಡು ರೋಣಕ್ಕೋ ಹಾನಗಲ್ಲಿಗೋ ಬಸ್ಸಿನಲ್ಲಿ ಒಯ್ಯುವುದಾದರೆ ಐಸ್ ಪ್ಯಾಕ್ ಮೇಲೆ ಬಟ್ಟೆ ಸುತ್ತಿ ಥರ್ಮಾಸಿನಲ್ಲಿಡಿ. ಬರ್ಫ ನೇರವಾಗಿ ತಾಗಿ ಗಡ್ಡೆಕಟ್ಟಿದರೆ ಔಷಧ ಕೆಟ್ಟಂತೆಯೇ.

ಉಳಿದವು

ಟೆರಿಪ್ಯಾರಾಟೈಡ್ ಎಲುಬನ್ನು ಕಟ್ಟುವ ಔಷಧ. ದಿನಾ 20 ಮೈಕ್ರೋಗ್ರಾಂ, ಇನ್ಸುಲಿನ್ ಪೆನ್ನಿನಂತೆ ಚುಚ್ಚಿಕೊಳ್ಳುವುದು, ಸಾಮಾನ್ಯವಾಗಿ 24 ತಿಂಗಳು ಮೀರುವಂತಿಲ್ಲ. ಬೆನ್ನಿನ ಮಣಿಗಳು ಈಗಾಗಲೇ ಕುಸಿದವರಿಗೆ, ಸ್ಟೆರಾಯ್ಡ್ ಮೇಲಿರುವವರಿಗೆ ಚೆನ್ನಾಗಿ ಹೊಂದುತ್ತದೆ. ಎಲುಬಿಗೆ ರೇಡಿಯೇಷನ್ ಆದವರಿಗೆ, ಎಲುಬಿಗೆ ಹರಡಿದ ಕ್ಯಾನ್ಸರ್‌ಗೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದವರಿಗೆ ಬೇಡ. ಕಿಡ್ನಿ ಕಲ್ಲಿದ್ದವರು ಹುಷಾರು. ಮೊದಮೊದಲು ತಲೆ ಸುತ್ತುತ್ತದೆ, ಹಾಸಿಗೆ ಮೇಲೆ ಕುಳಿತೇ ಚುಚ್ಚಿಕೊಳ್ಳಿ. ತೆರೆದ ಪೆನ್ನನ್ನು 28 ದಿನಕ್ಕೆ ಎಸೆಯಬೇಕು. ಖರ್ಚು ತಿಂಗಳಿಗೆ ಸಾವಿರಗಳ ಲೆಕ್ಕ. ಕೋರ್ಸ್ ಮುಗಿದ ಮೇಲೆ ಬೇರೆ ಔಷಧ ಹಿಡಿಯದಿದ್ದರೆ ಗಳಿಸಿದ್ದೆಲ್ಲ ಕರಗುತ್ತದೆ.

ರಾಲೋಕ್ಸಿಫೆನ್ 60 ಮಿ.ಗ್ರಾಂ ಬೆನ್ನನ್ನು ಕಾಯುತ್ತದೆ, ಚಪ್ಪೆಯನ್ನಲ್ಲ. ಮುಟ್ಟು ನಿಂತು ಹೆಚ್ಚು ವರ್ಷವಾಗದವರಿಗೆ ಸರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಲಕ್ವ ಹೊಡೆದವರಿಗೆ ಸಲ್ಲದು. ರೊಮೊಸೊಜುಮಾಬ್ ಬಲವಾದ ಔಷಧ, ಆದರೆ ವರ್ಷದೊಳಗೆ ಹೃದಯಾಘಾತ ಅಥವಾ ಲಕ್ವ ಆಗಿದ್ದರೆ ಕೊಡುವಂತಿಲ್ಲ.

ಈಗ ನುಂಗುತ್ತಿರುವುದರಲ್ಲೇ ಕಳ್ಳ ಇರಬಹುದು

ಎಲ್ಲ ಗುಳಿಗೆಗಳನ್ನು ಒಂದು ಚೀಲಕ್ಕೆ ಸುರಿದು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ, ಗದಗಿನ ಜಿಮ್ಸ್ ಆಸ್ಪತ್ರೆ, ನಿಮ್ಮ ಊರಿನ ಡಾಕ್ಟರು, ಯಾರ ಹತ್ತಿರ ಹೋದರೂ ಒಯ್ಯಿರಿ. ಶುಗರಿನ ಮಿಶ್ರ ಗುಳಿಗೆಯಲ್ಲಿ ಅಡಗಿರುವ ಪಯೋಗ್ಲಿಟಜೋನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಸ್ತನ ಕ್ಯಾನ್ಸರಿನ ಲೆಟ್ರೊಜೋಲ್, ಪ್ರಮಾಣ ಮೀರಿದ ಥೈರಾಕ್ಸಿನ್, ದಮ್ಮಿಗೆ ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್: ಎಲ್ಲವೂ ಎಲುಬು ತಿನ್ನುತ್ತವೆ. ಕೆಲವನ್ನು ಬದಲಿಸಬಹುದು, ಕೆಲವನ್ನು ಆಗದು. ನೀವಾಗಿ ನಿಲ್ಲಿಸಬೇಡಿ, ಸ್ಟೆರಾಯ್ಡ್ ಅಂತೂ ಒಮ್ಮೆಲೆ ಬಿಡಲೇಬಾರದು. ಮೊಣಕಾಲು ನೋವಿಗೆಂದು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಯನ್ನೂ ಆ ಚೀಲಕ್ಕೆ ಹಾಕಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು.

ಹಲ್ಲು ಕೀಳಿಸುವುದಿದ್ದರೆ ಸೂಜಿ, ಸಲೈನ್‌ಗಳಿಗೆ ಮುಂಚೆಯೇ ಮುಗಿಸಿ. ದವಡೆಯ ಎಲುಬು ಸಾಯುವ ತೊಂದರೆ ಈ ಪ್ರಮಾಣಗಳಲ್ಲಿ ಬಲು ಅಪರೂಪ, ಆದರೆ ಗುಟಕಾ, ಜರ್ದಾದಿಂದ ವಸಡು ಕೆಟ್ಟ ಬಾಯಲ್ಲಿ ಸಾಧ್ಯತೆ ಹೆಚ್ಚು. ಔಷಧ ಶುರುವಾಗಿ ಕೆಲ ವರ್ಷಗಳ ಮೇಲೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಸುಮ್ಮಸುಮ್ಮನೆ ನೋವು ಬಂದರೆ ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ. ಗುಳಿಗೆ ಐದು ವರ್ಷ, ಸಲೈನ್ ಮೂರು ವರ್ಷ ಆದ ಮೇಲೆ ಬಿಡುವು ಕೊಡಬಹುದೇ ಎಂದು ಕೇಳಬಹುದು. ಡೆನೊಸುಮಾಬ್‌ಗೆ ಈ ಬಿಡುವು ಇಲ್ಲ.

ಒಂದೆರಡು ವರ್ಷದ ಮೇಲೆ ಎರಡನೆಯ ಡೆಕ್ಸಾ ಮಾಡಿಸುವಾಗ ಅದೇ ಕೇಂದ್ರದ ಅದೇ ಯಂತ್ರಕ್ಕೆ ಹೋಗಿ, ಹಳೆಯ ರಿಪೋರ್ಟ್ ಜೊತೆಗಿರಲಿ. ಯಂತ್ರ ಬದಲಾದರೆ ಎರಡು ಸಂಖ್ಯೆಗಳನ್ನು ಹೋಲಿಸಲು ಬರುವುದಿಲ್ಲ. ಸ್ಕೋರ್ ಏರದೆ ಇದ್ದಲ್ಲೇ ನಿಂತಿದ್ದರೂ ಔಷಧ ಕೆಲಸ ಮಾಡುತ್ತಿದೆ ಎಂದೇ ಅರ್ಥ, ಅದಕ್ಕೆಂದು ಬಿಡಬೇಡಿ.