ಇಂಗ್ಲಿಷ್ ಆಂಬರ್ ಏಲ್‌ನ ರುಚಿ ನೋಡುವ ಬಗೆ

ಇಂಗ್ಲೆಂಡಿನ ಪಬ್‌ಗಳಲ್ಲಿ ಬಹುಮಟ್ಟಿಗೆ 'ಬಿಟರ್' ಎಂದೇ ಕೇಳಿ ಪಡೆಯುವ ಆಂಬರ್ (ಕೆಂಪು ಮಿಶ್ರಿತ ಜೇನು) ಬಣ್ಣದ ಏಲ್ ಎಂಬ ಬಗೆಯ ಬಿಯರನ್ನು ಲಾಗರ್ ಬಿಯರಿನಂತೆ ಕೊರೆಯುವಷ್ಟು ತಣ್ಣಗೆ ಕುಡಿದರೆ ಅದರ ಅರ್ಧ ಗುಣವೂ ನಾಲಗೆಗೆ ಸಿಗುವುದಿಲ್ಲ. ಅಲ್ಲಿ ಪೀಪಾಯಿಯ ಏಲ್ ಅನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟು ಬಡಿಸುತ್ತಾರೆ. ಆದ್ದರಿಂದ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಸುಮಾರು 20 ನಿಮಿಷ ಹೊರಗಿಟ್ಟ ಮೇಲೆಯೇ ತೆರೆಯಿರಿ. ಗ್ಲಾಸಿನಲ್ಲಿ ಜಿಡ್ಡಾಗಲಿ ಸೋಪಾಗಲಿ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಬಾಟಲಿಯ ತಳದಲ್ಲಿ ಯೀಸ್ಟ್ ಕೂತಿದ್ದರೆ ಕೊನೆಯ ಒಂದು ಗುಟುಕನ್ನು ಸುರಿಯದೆ ಬಿಡಿ.

ಮೊದಲ ಅಭ್ಯಾಸಕ್ಕೆ ಲಂಡನ್ನಿನ ಫುಲ್ಲರ್ಸ್ ಲಂಡನ್ ಪ್ರೈಡ್ ಒಳ್ಳೆಯ ಆಯ್ಕೆ. ಪೀಪಾಯಿಯಲ್ಲಿ ಶೇ 4.1ರಷ್ಟು, ಬಾಟಲಿಯಲ್ಲಿ ಶೇ 4.7ರಷ್ಟು ಆಲ್ಕೋಹಾಲ್ ಇರುವ ಈ ಏಲ್‌ನಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ), ಯೀಸ್ಟ್ ಮೂರರ ದನಿಯೂ ಬೇರೆಬೇರೆಯಾಗಿ ಕೇಳಿಸುತ್ತದೆ. ಗುಟುಕರಿಸುವ ಮುನ್ನ ಎರಡು ಸಲ ಮೂಸಿರಿ. ಪಾಕ ಕೆಂಪಗಾಗುವ ಹೊತ್ತಿನ ಬೆಲ್ಲದ ವಾಸನೆ ಬಂದರೆ ಅದು ಕ್ರಿಸ್ಟಲ್ ಮಾಲ್ಟಿನದು. ಮೊಳಕೆಯೊಡೆದ ಬಾರ್ಲಿಯನ್ನು ಹಸಿಯಾಗಿರುವಾಗಲೇ ಬಿಸಿಮಾಡಿ, ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿ, ಆಮೇಲೆ ಹುರಿಯುವುದರಿಂದ ಆ ಗುಣ ಬರುತ್ತದೆ. ಕಿತ್ತಳೆ ಸಿಪ್ಪೆಯ ಮಾರ್ಮಲೇಡಿನಂಥ ಹಣ್ಣಿನ ಪರಿಮಳದಲ್ಲಿ ಯೀಸ್ಟಿನ ಪಾಲು ದೊಡ್ಡದು. ಫಗಲ್, ಈಸ್ಟ್ ಕೆಂಟ್ ಗೋಲ್ಡಿಂಗ್ಸ್‌ನಂಥ ಇಂಗ್ಲಿಷ್ ಹಾಪ್ಸ್‌ಗಳು ಅಮೆರಿಕದ ತಳಿಗಳಂತೆ ಮಾವನ್ನೋ ಚಕ್ಕೋತವನ್ನೋ ನೆನಪಿಸದೆ, ಮಣ್ಣು, ಒಣಹುಲ್ಲು, ಹೂವುಗಳ ಕಡೆಗೆ ವಾಲುತ್ತವೆ.

ಕಹಿ ಗಂಟಲಿಗಿಳಿದ ಮೇಲೆಯೇ ಪೂರ್ತಿಯಾಗಿ ಅರಳುವುದರಿಂದ, ವೈನ್ ಪರೀಕ್ಷಕರಂತೆ ಉಗುಳದೆ ಚಿಕ್ಕ ಗುಟುಕನ್ನು ನುಂಗಬೇಕು. ಇಲ್ಲಿ ಕನ್ನಡಿಗರಿಗೆ ತಮ್ಮ ಮಾತಿನಿಂದಲೇ ಒಂದು ಅನುಕೂಲವಿದೆ: ಕಹಿ ಮತ್ತು ಒಗರು ಬೇರೆಯೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆಂತ್ಯದಂತೆ ನಾಲಗೆಯ ಹಿಂಬದಿಯಲ್ಲಿ ನಿಂತು ನಿಧಾನವಾಗಿ ಕರಗುವ ಕಹಿ ಒಳ್ಳೆಯ ಬಿಟರ್‌ಗೆ ಇರಲೇಬೇಕಾದದ್ದು. ಬಾಳೆಕಾಯಿಯ ಸಿಪ್ಪೆ ಕಚ್ಚಿದಂತೆ ಬಾಯನ್ನು ಹಿಡಿಯುವ ಒಗರು ಹೆಚ್ಚಾಗಿದ್ದರೆ ನನ್ನ ಎಣಿಕೆಯಲ್ಲಿ ಅದು ಕುಂದೇ. ಮೊದಲು ಸಿಹಿ, ಕೊನೆಗೆ ಕಹಿ ಬಂದು ಬಾಯಿ ಒಣಗಿ ಮತ್ತೊಂದು ಗುಟುಕನ್ನು ಬೇಡಿದರೆ ಏಲ್ ಸಮತೂಕದಲ್ಲಿದೆ ಎಂದು ಬರೆದುಕೊಳ್ಳಿ.

ದೋಷಗಳಲ್ಲಿ ನೆನೆದ ರಟ್ಟಿನ ವಾಸನೆಯನ್ನು ಮೊದಲು ಕಲಿಯಬೇಕು, ಏಕೆಂದರೆ ದೂರ ಸಾಗಿ ಬಂದ ಹಳೆಯ ಬಾಟಲಿಗಳಲ್ಲಿ ಆಮ್ಲಜನಕದಿಂದ ಅದು ಬಂದಿರುತ್ತದೆ. ಬೆಳಕು ತಾಗಿದ ಬಿಯರ್ ನಾತ ಹೊಡೆಯುತ್ತದೆ. ಬೆಳಕನ್ನು ತಡೆಯದ, ಬಣ್ಣವಿಲ್ಲದ ಗಾಜಿನ ಬಾಟಲಿಯನ್ನು ಕೊಳ್ಳುವಾಗ ಎಚ್ಚರವಿರಲಿ. ಆದರೆ ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಊರಿನ ಏಲ್‌ನಿಂದ ಗೀರಿದ ಬೆಂಕಿಕಡ್ಡಿಯಂಥ ಗಂಧಕದ ಎಳೆ ತೇಲಿಬಂದರೆ ಕೆಟ್ಟಿದೆಯೆಂದು ಚೆಲ್ಲಬೇಡಿ. ಅದು ಜಿಪ್ಸಮ್ ಎಂಬ ಖನಿಜ ತುಂಬಿದ ಅಲ್ಲಿನ ಬಾವಿನೀರಿನ ಗುರುತು, ಕಹಿಯನ್ನು ಚುರುಕಾಗಿಸುವುದೂ ಅದೇ ನೀರು.

ಗ್ಲಾಸಿನಲ್ಲಿ ಮೂರನೆಯ ಒಂದು ಪಾಲು ಉಳಿದಾಗ, ಏಲ್ ಇನ್ನಷ್ಟು ಬೆಚ್ಚಗಾಗಿರುವ ಆ ಹೊತ್ತಿನಲ್ಲಿ, ಮತ್ತೊಮ್ಮೆ ಮೂಸಿ ಹೊಸದಾಗಿ ಬರೆದು ಮೊದಲಿನ ಟಿಪ್ಪಣಿಯ ಪಕ್ಕದಲ್ಲಿಡಿ.