ನಾಫ್ಲರ್‌ನ ಹತ್ತು ಆಲ್ಬಮ್‌ಗಳನ್ನು ನಾನು ಸಾಲಾಗಿ ನಿಲ್ಲಿಸಿದ್ದು ಹೀಗೆ

ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕನಾಗಿದ್ದ ಮಾರ್ಕ್ ನಾಫ್ಲರ್ ತನ್ನೊಬ್ಬನ ಹೆಸರಿನಲ್ಲಿ ತಂದ ಸ್ಟುಡಿಯೋ ಆಲ್ಬಮ್‌ಗಳು ಹತ್ತು. 1996ರ ‘ಗೋಲ್ಡನ್ ಹಾರ್ಟ್’ನಿಂದ 2024ರ ‘ಒನ್ ಡೀಪ್ ರಿವರ್’ವರೆಗೆ. ಸಿನಿಮಾ ಸಂಗೀತವನ್ನೂ, ಚೆಟ್ ಆಟ್ಕಿನ್ಸ್, ಎಮಿಲೂ ಹ್ಯಾರಿಸ್ ಜೊತೆ ಮಾಡಿದ್ದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಈ ಹತ್ತನ್ನೂ ಮೇಲಿಂದ ಕೆಳಕ್ಕೆ ಜೋಡಿಸುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ‘ಅದು ಆ ದಿನದ ಮೂಡ್ ಕಣೋ, ನಾಳೆ ಬೇರೆ ಪಟ್ಟಿ ಬರುತ್ತೆ’ ಅಂದರು. ಪಟ್ಟಿ ಆಯ್ತು. ವರ್ಷ ಬಿಟ್ಟು ಮೊದಲಿನಿಂದ ಮತ್ತೆ ಮಾಡಿದೆ, ಮೇಲಿನ ಐದು ಕದಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಮಾಡೋದು ಹಾಡಿಗೊಂದು ಅಂಕ ಕೊಟ್ಟು ಸರಾಸರಿ ತೆಗೆಯೋದು ಅಲ್ವಾ? ನಾನೂ ಸುಮಾರು 130 ಹಾಡಿಗೆ ಅಂಕ ಹಾಕಿದೆ. ಹತ್ತೂ ಆಲ್ಬಮ್ ಮೂರೂವರೆಗೂ ನಾಲ್ಕಕ್ಕೂ ನಡುವೆ ಬಂದು ಕೂತವು. ‘ಪ್ರೈವೆಟೀರಿಂಗ್’ಗಂತೂ ಅನ್ಯಾಯವೇ ಆಯ್ತು. ಎರಡು ಸಿಡಿ, 20 ಹಾಡು. ಅದರಲ್ಲಿ ಒಳ್ಳೆಯ ಹನ್ನೆರಡನ್ನು ಆರಿಸಿದರೆ ಬೇರೆಯವರಿಗೆ ಜನ್ಮಕ್ಕೊಮ್ಮೆ ಸಿಗುವ ಆಲ್ಬಮ್. ಸರಾಸರಿಯಲ್ಲಿ ಅದು ಕೆಳಗೆ ಬಿತ್ತು. ಕೆಟ್ಟ ಎರಡು ಹಾಡು ಬಿಟ್ಟು ಲೆಕ್ಕ ಹಾಕೋಣ ಅಂತ ಡೈರ್ ಸ್ಟ್ರೇಟ್ಸ್‌ನ ಆರು ಆಲ್ಬಮ್ ಮೇಲೆ ಪ್ರಯೋಗ ಮಾಡಿದೆ. ‘ಲವ್ ಓವರ್ ಗೋಲ್ಡ್’ನಲ್ಲಿ ಇರೋದೇ ಐದು ಹಾಡು, ಅದರಲ್ಲಿ ‘ಟೆಲಿಗ್ರಾಫ್ ರೋಡ್’ ಒಂದೇ 14 ನಿಮಿಷ. ಎರಡು ತೆಗೆದರೆ ಉಳಿಯೋದೇನು? ಆ ದಾರಿ ಅಲ್ಲಿಗೇ ಮುಗಿಯಿತು.

ಆಮೇಲೆ ದುಡ್ಡು ಸುರಿದೆ. ಎಲ್‌ಪಿಯಲ್ಲಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತೆ ಅಂತ ನಾಲ್ಕೈದು ತರಿಸಿದೆ. ಒಂದಕ್ಕೆ ಮೂರು ಸಾವಿರದ ಆಸುಪಾಸು, ಮೇಲೆ ಕಸ್ಟಮ್ಸ್. ಒಂದು ಡೊಂಕಾಗಿ ಬಂತು, ಮಾರಿದವನು ವಾಪಸ್ ತೆಗೆದುಕೊಳ್ಳಲಿಲ್ಲ. ಹೆಡ್‌ಫೋನ್, ಡಿಎಸಿ (ಡಿಜಿಟಲ್ ಫೈಲನ್ನು ಸದ್ದಾಗಿಸುವ ಪೆಟ್ಟಿಗೆ) ಎಲ್ಲ ಸೇರಿ ಮೂವತ್ತು ಸಾವಿರ ದಾಟಿತು. ಎಲ್‌ಪಿಯ ತೊಂದರೆ ಸದ್ದಿನದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲು ತಿರುಗಿಸಬೇಕು, ಆಲ್ಬಮ್ ತುಂಡಾಗುತ್ತೆ. ಹೋಲಿಸಬೇಕಾದರೆ ಒಂದೇ ಉಸಿರಿಗೆ ಕೇಳಬೇಕು. ಸಿಡಿಯನ್ನೇ ಗುಣಮಟ್ಟ ಕಳೆಯದ ಫೈಲ್ ಆದ ಫ್ಲ್ಯಾಕ್‌ಗೆ ಇಳಿಸಿಕೊಂಡೆ, ಎಲ್‌ಪಿಗಳನ್ನು ಅರ್ಧ ಬೆಲೆಗೆ ಮಾರಿದೆ.

ಗೆದ್ದದ್ದು ಜೋಡಿ ಹಾಕುವ ಕ್ರಮ. ಎರಡು ಆಲ್ಬಮ್ ಬೆನ್ನುಬೆನ್ನಿಗೆ ಪೂರ್ತಿ ಕೇಳೋದು. ಮುಗಿದ ತಕ್ಷಣ ಒಂದೇ ಪ್ರಶ್ನೆ: ಈಗಲೇ ಮೊದಲ ಹಾಡಿನಿಂದ ಮತ್ತೆ ಹಾಕೋದಾದರೆ ಯಾವುದು? ಅಂಕ ಇಲ್ಲ, ಟಿಪ್ಪಣಿ ಇಲ್ಲ. ಹತ್ತು ಆಲ್ಬಮ್ಮಿಗೆ ಒಟ್ಟು 45 ಜೋಡಿ ಆಗುತ್ತೆ, ಅಷ್ಟು ಯಾರೂ ಕೇಳಲಾರರು. ಹಾಗಾಗಿ ರಮ್ಮಿಯಲ್ಲಿ ಕೈಗೆ ಬಂದ ಎಲೆ ಸೇರಿಸುವ ಹಾಗೆ ಒಂದೊಂದನ್ನೇ ಸೇರಿಸುತ್ತಾ ಹೋದೆ. ಹೊಸದನ್ನು ನಡುವೆ ಇರೋದರ ಜೊತೆ ಕೇಳು, ಗೆದ್ದರೆ ಮೇಲಿನ ಅರ್ಧ, ಸೋತರೆ ಕೆಳಗಿನ ಅರ್ಧ. ಹೀಗೆ ಮಾಡಿದರೆ 25 ಜೋಡಿ ದಾಟೋದಿಲ್ಲ.

ಎರಡು ಎಚ್ಚರಿಕೆ. ಸದ್ದು ಜಾಸ್ತಿ ಇರೋದು ಸುಮ್ಮನೆ ಗೆಲ್ಲುತ್ತೆ. ಸದ್ದನ್ನು ಒಂದೇ ಮಟ್ಟಕ್ಕೆ ತರುವ ರಿಪ್ಲೇಗೇನ್ ಅನ್ನೋ ಸೌಲಭ್ಯ ಪ್ಲೇಯರ್‌ನಲ್ಲಿ ಹಾಕಿ, ಆದರೆ ಆಲ್ಬಮ್ ಮೋಡ್‌ನಲ್ಲಿ. ಟ್ರ್ಯಾಕ್ ಮೋಡ್ ಹಾಕಿದರೆ ಮೆಲುದನಿಯ ಹಾಡೂ ಅಬ್ಬರದ ಹಾಡೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಇನ್ನೊಂದು, ಎರಡನೆಯದಾಗಿ ಕೇಳಿದ್ದಕ್ಕೆ ಮನಸ್ಸು ವಾಲುತ್ತೆ. ಅನುಮಾನ ಬಂದರೆ ಇನ್ನೊಂದು ದಿನ ತಿರುಗಿಸಿ ಕೇಳಬೇಕು. ‘ಗೆಟ್ ಲಕಿ’ (2009) ‘ಶಾಂಗ್ರಿ-ಲಾ’ವನ್ನು (2004) ಸೋಲಿಸಿತು, ‘ಶಾಂಗ್ರಿ-ಲಾ’ ‘ಟ್ರ್ಯಾಕರ್’ಅನ್ನು (2015) ಸೋಲಿಸಿತು, ‘ಟ್ರ್ಯಾಕರ್’ ಬಂದು ‘ಗೆಟ್ ಲಕಿ’ಯನ್ನೇ ಸೋಲಿಸಿತು. ಈ ಸುತ್ತನ್ನು ಬಿಡಿಸಿದ ಉಪಾಯ ನನ್ನ ಹತ್ತಿರವೇ ಇರಲಿ. ಕೇಳುವ ಹೊತ್ತಿಗೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೇಳುತ್ತೇನೆ.

ಮೊದಲ ಸ್ಥಾನ ‘ದಿ ರ‍್ಯಾಗ್‌ಪಿಕರ್ಸ್ ಡ್ರೀಮ್’ (2002). ಎಲ್ಲರೂ ‘ಸೈಲಿಂಗ್ ಟು ಫಿಲಡೆಲ್ಫಿಯಾ’ (2000) ಅಂತಾರೆ, ನಾನೂ ಹಾಗೇ ಅಂದುಕೊಂಡು ಶುರು ಮಾಡಿದ್ದು. ಜೇಮ್ಸ್ ಟೇಲರ್ ಜೊತೆಗಿನ ಆ ಶೀರ್ಷಿಕೆ ಹಾಡಿಗೆ ಸಮ ಇನ್ನೊಂದಿಲ್ಲ. ಆದರೆ ಪೂರ್ತಿ ಆಲ್ಬಮ್ ಕೇಳಿದಾಗ ‘ರ‍್ಯಾಗ್‌ಪಿಕರ್ಸ್’ ಪ್ರತಿ ಸಲವೂ ಗೆದ್ದಿತು, ‘ಸೈಲಿಂಗ್’ ಎರಡಕ್ಕೆ ನಿಂತಿತು. ಕೆಲಸ ಹುಡುಕಿ ಜರ್ಮನಿಗೆ ಹೋದ ನ್ಯೂಕ್ಯಾಸಲ್ ಕಡೆಯ ಕೂಲಿಗಳ ಹಾಡಿನಿಂದ ಶುರುವಾಗುತ್ತೆ. ಆಮೇಲೆ ‘ಹಿಲ್ ಫಾರ್ಮರ್ಸ್ ಬ್ಲೂಸ್’ ಬರುತ್ತೆ. ಮಾತು ಮುಗಿದ ಮೇಲೆ ಗಿಟಾರ್ ಒಂದೇ ಕಥೆ ಮುಂದುವರಿಸುತ್ತೆ. ತಂತಿ ಮೀಟುವ ಪಿಕ್ ಇಲ್ಲ, ಬರೀ ಬೆರಳು. ‘ಮಾರ್ಬಲ್‌ಟೌನ್’ನಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ಅವನೊಬ್ಬನೇ ಕೂತಿದ್ದಾನೆ, ಡ್ರಮ್ಸ್ ಕೂಡ ಇಲ್ಲ. ಈ ಹಾಡನ್ನು ಬಿಡಿಯಾಗಿ ಕೇಳಿದಾಗ ಕಡಿಮೆ ಅಂಕ ಕೊಟ್ಟಿದ್ದೆ. ಅದು ಇರಬೇಕಾದ ಜಾಗದಲ್ಲಿ ಕೇಳಿದರೆ ಆಲ್ಬಮ್ಮನ್ನೇ ಹೊತ್ತು ನಿಲ್ಲುತ್ತೆ. ಸರಾಸರಿಗೆ ಇದು ಯಾವತ್ತೂ ಸಿಗಲ್ಲ.

ಮೂರನೆಯದು ‘ಗೆಟ್ ಲಕಿ’, ಕೊನೆಯ ‘ಪೈಪರ್ ಟು ದಿ ಎಂಡ್’ಗಾಗಿ. 1940ರಲ್ಲಿ ಫ್ರಾನ್ಸಿನಲ್ಲಿ ಯುದ್ಧದಲ್ಲಿ ಸತ್ತ ಅವನ ಸೋದರಮಾವನ ಹಾಡು ಅದು. ನಾಲ್ಕು ‘ಶಾಂಗ್ರಿ-ಲಾ’, 2003ರ ಬೈಕ್ ಅಪಘಾತದಿಂದ ಎದ್ದು ಬಂದ ಮೇಲೆ ಮಾಡಿದ್ದು. ಐದು ‘ಟ್ರ್ಯಾಕರ್’. ಆರನೆಯದಕ್ಕೆ ಆಮೇಲೆ ಬರುತ್ತೇನೆ. ಅದರ ಕೆಳಗೆ ‘ಪ್ರೈವೆಟೀರಿಂಗ್’ (2012), ‘ಗೋಲ್ಡನ್ ಹಾರ್ಟ್’, ‘ಕಿಲ್ ಟು ಗೆಟ್ ಕ್ರಿಮ್ಸನ್’ (2007) ಇದೇ ಕ್ರಮದಲ್ಲಿ. ಕೊನೆಗೆ ‘ಡೌನ್ ದಿ ರೋಡ್ ವೇರೆವರ್’ (2018). 14 ಹಾಡಿದೆ, ಹತ್ತಕ್ಕೆ ನಿಲ್ಲಿಸಬೇಕಿತ್ತು.

ಡೈರ್ ಸ್ಟ್ರೇಟ್ಸ್ ಆರನ್ನೂ ಹೀಗೇ ಜೋಡಿ ಹಾಕಿ ಕೇಳಿ ಸಾಲಾಗಿ ನಿಲ್ಲಿಸಿದೆ. ‘ಲವ್ ಓವರ್ ಗೋಲ್ಡ್’ ಮೇಲೆ, ‘ಮೇಕಿಂಗ್ ಮೂವೀಸ್’ ಎರಡನೆಯದು, ‘ಬ್ರದರ್ಸ್ ಇನ್ ಆರ್ಮ್ಸ್’ ಮೂರಕ್ಕೆ ಇಳಿಯಿತು. ಇದರ ಜಗಳ ನಮ್ಮ ಗುಂಪಿನಲ್ಲಿ ಇನ್ನೂ ನಡೆಯುತ್ತಿದೆ.

‘ಒನ್ ಡೀಪ್ ರಿವರ್’ ಕೊನೆಯದಾಗಿ ಸೇರಿಸುವ ಹೊತ್ತಿಗೆ ಉಳಿದ ಒಂಬತ್ತರ ಪಟ್ಟಿ ಸಿದ್ಧವಿತ್ತು. ‘ಟ್ರ್ಯಾಕರ್’ಗೆ ಸೋತಿತು, ‘ಗೋಲ್ಡನ್ ಹಾರ್ಟ್’ ವಿರುದ್ಧ ಗೆದ್ದಿತು, ‘ಪ್ರೈವೆಟೀರಿಂಗ್’ ವಿರುದ್ಧವೂ ಗೆದ್ದಿತು. ಮೂರೇ ಜೋಡಿಗೆ ಆರನೇ ಜಾಗ ಸಿಕ್ಕಿತು. ಮೂಡ್ ಅಂತ ವಾದ ಮಾಡಿದ್ದ ಗೆಳೆಯನೂ ತನ್ನ ಮನೆಯಲ್ಲಿ ಹೀಗೇ ಕೇಳಿದ. ಅವನಿಗೂ ಆರನೆಯದೇ ಬಂತು. ಈಗ ಅವನು ಗಾಯಕ ನೀಲ್ ಯಂಗ್‌ನ ಆಲ್ಬಮ್‌ಗಳನ್ನು ಹಿಡಿದು ಕೂತಿದ್ದಾನೆ.